ತಳಕಲ್‌ನಲ್ಲಿ ಓದುವ ಮಕ್ಕಳು ಯಾವ ಊರಿನ ಲೆಕ್ಕಕ್ಕೆ? ಜಿಲ್ಲಾಡಳಿತಕ್ಕೂ ನಮ್ಮ ಊರವರಿಗೂ ಒಂದು ಬಹಿರಂಗ ಪತ್ರ

ಕೊಪ್ಪಳದ ಜಿಲ್ಲಾಧಿಕಾರಿಗಳಿಗೆ, ಜಿಲ್ಲಾ ಪಂಚಾಯತಿ ಸಿಇಒ ಅವರಿಗೆ, ಮತ್ತು ತಳಕಲ್, ಭಾನಾಪುರ, ಬನ್ನಿಕೊಪ್ಪ ಸುತ್ತಿನ ನಮ್ಮ ಹಿರಿಯರಿಗೆ, ಅಣ್ಣ-ತಮ್ಮಂದಿರಿಗೆ, ಅಕ್ಕ-ತಂಗಿಯರಿಗೆ,

ನಮಸ್ಕಾರ.

ಸುತ್ತಿ ಬಳಸಿ ಹೇಳುವುದಿಲ್ಲ. 2027ರ ಫೆಬ್ರವರಿಯಲ್ಲಿ ಜನಗಣತಿಯ ಮುಖ್ಯ ಸುತ್ತು ಇದೆ. ಲೆಕ್ಕ ಹಿಡಿಯುವ ದಿನ ಮಾರ್ಚ್ 1. ತಳಕಲ್ ಸುತ್ತಮುತ್ತ ಹಾಸ್ಟೆಲ್‌ನಲ್ಲೋ, ಬಾಡಿಗೆ ಖೋಲಿಯಲ್ಲೋ ಇದ್ದು ಓದುವ ಪ್ರತಿಯೊಬ್ಬ ವಿದ್ಯಾರ್ಥಿಯನ್ನೂ ಈ ಗಣತಿಯಲ್ಲಿ ಅಲ್ಲೇ ಎಣಿಸಬೇಕು. ನಾನು ಮುಖ್ಯವಾಗಿ ಕೇಳುತ್ತಿರುವುದು ಇದೊಂದೇ. ಯಾಕೆ ಕೇಳುತ್ತಿದ್ದೇನೆ ಅನ್ನುವುದಕ್ಕೆ ಸ್ವಲ್ಪ ಉದ್ದಕ್ಕೆ ಬರೆಯಬೇಕಾಗಿದೆ, ಬೇಜಾರು ಮಾಡಿಕೊಳ್ಳದೆ ಓದಿ.

ಗೊತ್ತಿಲ್ಲದವರಿಗೆ ಮೊದಲು ಜಾಗ ಹೇಳಿಬಿಡುತ್ತೇನೆ. ಕೊಪ್ಪಳದಿಂದ ಗದಗ ಕಡೆ ಹೊರಟರೆ ಸುಮಾರು ಇಪ್ಪತ್ತು ಕಿಲೋಮೀಟರಿಗೆ ತಳಕಲ್. ಮೊದಲು ಇದು ಯಲಬುರ್ಗಾ ತಾಲ್ಲೂಕಿನಲ್ಲಿತ್ತು, ಈಗ ಕುಕನೂರು ತಾಲ್ಲೂಕಿಗೆ ಸೇರಿದೆ. ಕುಕನೂರು, ಕಾರಟಗಿ, ಕನಕಗಿರಿ ಮೂರೂ ಒಟ್ಟಿಗೆ ಹೊಸ ತಾಲ್ಲೂಕು ಆದವು, 2018ರ ಹೊತ್ತಿಗೆ. ವಿಧಾನಸಭೆಗೆ ಮಾತ್ರ ಈಗಲೂ ಯಲಬುರ್ಗಾ ಕ್ಷೇತ್ರವೇ. ಹುಬ್ಬಳ್ಳಿ-ಹೊಸಪೇಟೆ ರೈಲು ದಾರಿ ಇಲ್ಲೇ ಹಾದುಹೋಗುತ್ತದೆ, ಹೆದ್ದಾರಿಯೂ ಹತ್ತಿರ. ಬಹಳ ವರ್ಷ ತಳಕಲ್ ಅಂದರೆ ಪ್ಯಾಸೆಂಜರ್ ಗಾಡಿ ನಿಂತು ಹೋಗುವ ಒಂದು ಸಣ್ಣ ಸ್ಟೇಷನ್, ಅಷ್ಟೇ. ಆಮೇಲೆ ಸರ್ಕಾರಿ ಎಂಜಿನಿಯರಿಂಗ್ ಕಾಲೇಜು ಬಂತು. 2022ರ ಬಜೆಟ್‌ನಲ್ಲಿ ಏಳು ಹೊಸ ವಿಶ್ವವಿದ್ಯಾಲಯ ಘೋಷಿಸಿದರಲ್ಲ, ಅದರಲ್ಲಿ ಕೊಪ್ಪಳದ್ದೂ ಒಂದು. ಅದೂ ಬಂದು ತಳಕಲ್‌ನಲ್ಲೇ ಕೂತಿತು. 257 ಕಿಲೋಮೀಟರಿನ ಗದಗ-ವಾಡಿ ಹೊಸ ರೈಲು ಮಾರ್ಗ ಮುಖ್ಯ ದಾರಿಯಿಂದ ಕವಲೊಡೆಯುವುದೂ ಇಲ್ಲೇ. 2025ರ ಮೇ ತಿಂಗಳಲ್ಲಿ ಕುಷ್ಟಗಿ ತನಕ ಗಾಡಿ ಶುರುವಾಯಿತು. ಪಕ್ಕದ ಭಾನಾಪುರದಲ್ಲಿ ಸುಮಾರು 400 ಎಕರೆಯ ಆಟಿಕೆ ಕ್ಲಸ್ಟರ್‌ಗೆ 2021ರಲ್ಲಿ ಅಡಿಗಲ್ಲು ಹಾಕಿದರು.

ಅಂದರೆ ಹತ್ತು ವರ್ಷದೊಳಗೆ ಒಂದು ಕಾಲೇಜು, ಒಂದು ವಿವಿ, ಒಂದು ಜಂಕ್ಷನ್, ಒಂದು ಕೈಗಾರಿಕೆ ಜಾಗ. ಇಷ್ಟೂ ಬಂದು ಬಿದ್ದಿರುವುದು ಎರೆ (ಕಪ್ಪು ಮಣ್ಣಿನ) ಹೊಲದ ನಡುವೆ, ಗ್ರಾಮ ಪಂಚಾಯತಿಗಳ ಮಡಿಲಿಗೆ. ಪಂಚಾಯತಿಯ ಅಧಿಕಾರ, ಸಿಬ್ಬಂದಿ, ದುಡ್ಡು ಮಾತ್ರ ಹಳೆಯ ಅಳತೆಯವೇ. ಒಬ್ಬ ಪಿಡಿಒ (ಪಂಚಾಯತಿ ಅಭಿವೃದ್ಧಿ ಅಧಿಕಾರಿ), ಒಬ್ಬ ಬಿಲ್ ಕಲೆಕ್ಟರ್, ನೀರು ಬಿಡುವವರು, ಸ್ವಚ್ಛವಾಹಿನಿ ಗಾಡಿ ಓಡಿಸುವ ಹೆಣ್ಣುಮಕ್ಕಳು. ರಾಜ್ಯದ ಹೆಚ್ಚುಕಡಿಮೆ ಎಲ್ಲ ಗ್ರಾಮ ಪಂಚಾಯತಿಗಳದೂ ಇದೇ ಕಥೆ. ಎಲ್ಲ ಗ್ರಾಮ ಪಂಚಾಯತಿಗಳ ವ್ಯಾಪ್ತಿಯಲ್ಲಿ ಒಂದು ವಿಶ್ವವಿದ್ಯಾಲಯ ಇರುವುದಿಲ್ಲ, ವ್ಯತ್ಯಾಸ ಅಲ್ಲಿದೆ.

ಇಲ್ಲಿ ಯಾರು ಯಾವುದಕ್ಕೆ ಹೊಣೆ ಅಂತ ಒಮ್ಮೆ ಲೆಕ್ಕ ಹಾಕಿ ನೋಡಿ, ತಲೆ ತಿರುಗುತ್ತದೆ. ಹೆದ್ದಾರಿ ರಾಷ್ಟ್ರೀಯ ಹೆದ್ದಾರಿಯವರದು, ಸ್ಟೇಷನ್ ಮತ್ತು ಹಳಿಯ ಎರಡೂ ಪಕ್ಕದ ಜಾಗ ರೈಲ್ವೆಯದು, ಕಾಲೇಜಿನ ಕಾಂಪೌಂಡ್ ಒಳಗಿನದು ಉನ್ನತ ಶಿಕ್ಷಣ ಇಲಾಖೆಯದು, ಊರೊಳಗಿನ ಬೀದಿ ಪಂಚಾಯತಿಯದು, ಊರಿಂದ ಊರಿಗೆ ಹೋಗುವ ರಸ್ತೆ ಲೋಕೋಪಯೋಗಿಯದೋ ಪಂಚಾಯತ್ ರಾಜ್ ಎಂಜಿನಿಯರಿಂಗ್ ವಿಭಾಗದ್ದೋ, ಅದು ರಸ್ತೆ ಮೇಲೆ ಹೋಗುತ್ತದೆ. ಹೊಲದ ದಾಖಲೆಗೆ ತಹಶೀಲ್ದಾರರು. ಬಸ್ಸಿಗೆ ಕಲ್ಯಾಣ ಕರ್ನಾಟಕ ಸಾರಿಗೆ, ಅದರ ಕೇಂದ್ರ ಕಚೇರಿ ಕಲಬುರಗಿಯಲ್ಲಿ. ಕರೆಂಟಿಗೆ ಜೆಸ್ಕಾಂ, ಅದೂ ಕಲಬುರಗಿ. ಪ್ರಾದೇಶಿಕ ಆಯುಕ್ತರು, ಪ್ರದೇಶಾಭಿವೃದ್ಧಿ ಮಂಡಳಿ ಎರಡೂ ಕಲಬುರಗಿ. ಆದರೆ ರೈಲಿಗೆ ಹುಬ್ಬಳ್ಳಿ ವಿಭಾಗ, ಹೈಕೋರ್ಟಿಗೆ ಧಾರವಾಡ ಪೀಠ, ಎಂಜಿನಿಯರಿಂಗ್ ಮಕ್ಕಳ ಪರೀಕ್ಷೆಗೆ ಬೆಳಗಾವಿಯ ವಿಟಿಯು. ಒಂದೇ ಊರಿನವರು ಒಂದೊಂದು ಕೆಲಸಕ್ಕೆ ಒಂದೊಂದು ದಿಕ್ಕಿಗೆ ಮುಖ ಮಾಡಬೇಕು.

ಇದರ ಮೇಲೆ ನಮ್ಮ ಗಡಿಯದ್ದೊಂದು ಬೇರೆ ಕಥೆ. ಕುಕನೂರು ತಾಲ್ಲೂಕು ದಾಟಿದರೆ ಗದಗ ಜಿಲ್ಲೆ. ಆ ಕಡೆ ಹೆಸ್ಕಾಂ, ವಾಯವ್ಯ ಸಾರಿಗೆ. ಈ ಕಡೆ ಜೆಸ್ಕಾಂ, ಕಲ್ಯಾಣ ಕರ್ನಾಟಕ ಸಾರಿಗೆ. ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371ಜೆ ಇರುವುದು ಈ ಕಡೆಗೆ ಮಾತ್ರ. ಒಂದೇ ಭಾಷೆ, ಒಂದೇ ಎರೆ ಮಣ್ಣು, ಒಂದೇ ಜೋಳದ ರೊಟ್ಟಿ, ಬೀಗತನವೂ ಆ ಕಡೆಗೆ ಈ ಕಡೆಗೆ ಇದ್ದೇ ಇದೆ. ಆದರೂ ನಡುವೆ ಒಂದು ಗೆರೆ. ಅದು 1948ರ ಹಿಂದಿನ ಗೆರೆ. ಆ ಕಡೆ ಮುಂಬೈ ಪ್ರಾಂತ್ಯ, ಈ ಕಡೆ ನಿಜಾಮರ ಸೀಮೆ. ಅದರೊಳಗೂ ಕೊಪ್ಪಳ, ಯಲಬುರ್ಗಾ ಸಾಲಾರ್ ಜಂಗ್ ಅವರ ಜಹಗೀರಿ. ಹಳೆಯದೆಲ್ಲ ಈಗ ಯಾಕೆ ಅಂತೀರಾ? ಇವತ್ತಿಗೂ ಎರಡು ಜಿಲ್ಲೆಯ ಅಧಿಕಾರಿಗಳು ಒಂದು ಬಸ್ ರೂಟಿನ ಬಗ್ಗೆ ಮಾತಾಡಬೇಕು ಅಂದರೆ ಎರಡು ನಿಗಮಗಳ ಪತ್ರ ವ್ಯವಹಾರ ಆಗಬೇಕು. ಗೆರೆ ಅಳಿಸಿ ಅಂತ ನಾನು ಹೇಳುತ್ತಿಲ್ಲ. 371ಜೆ ನಮಗೆ ಹೋರಾಡಿ ಸಿಕ್ಕಿದ್ದು, ಬಿಟ್ಟುಕೊಡುವ ಮಾತೇ ಇಲ್ಲ. ಆದರೆ ಗಡಿ ಪಕ್ಕದಲ್ಲಿ ವಿವಿ ಇಟ್ಟಮೇಲೆ ಗಡಿಯಾಚೆಯ ಮಕ್ಕಳೂ ಬರುತ್ತಾರೆ, ಅವರಿಗೂ ನೀರು, ದೀಪ, ಬಸ್ಸು ಬೇಕು. ನಕ್ಷೆ ನೋಡಿದವರಿಗೆ ಇದು ಹೊಳೆಯಬೇಕಿತ್ತು.

ಈಗ ಎಣಿಕೆ ವಿಷಯಕ್ಕೆ ಬರೋಣ.

ಗ್ರಾಮ ಪಂಚಾಯತಿಗೆ ಎಷ್ಟು ಸದಸ್ಯರು, ಎಷ್ಟು ಅನುದಾನ, ಎಷ್ಟು ನೀರು ಅನ್ನುವುದೆಲ್ಲ ನಿಂತಿರುವುದು ಜನಸಂಖ್ಯೆ ಮೇಲೆ. ಪ್ರತಿ 400 ಜನಕ್ಕೆ ಒಬ್ಬ ಸದಸ್ಯ ಅನ್ನುತ್ತದೆ 1993ರ ಪಂಚಾಯತ್ ರಾಜ್ ಕಾಯ್ದೆ. 15ನೇ ಹಣಕಾಸು ಆಯೋಗದ ದುಡ್ಡು ಹಂಚಿದ್ದೂ 2011ರ ಜನಗಣತಿ ಹಿಡಿದೇ. 2011ರಲ್ಲಿ ತಳಕಲ್‌ನಲ್ಲಿ ವಿಶ್ವವಿದ್ಯಾಲಯ ಇರಲಿಲ್ಲ. ಕುಕನೂರು ತಾಲ್ಲೂಕೂ ಇರಲಿಲ್ಲ. ಆಗ ಲೆಕ್ಕಕ್ಕೆ ಸಿಕ್ಕ ಜನಕ್ಕೆ ಬರುವ ದುಡ್ಡಿನಲ್ಲಿ ಇವತ್ತಿನ ಜನದ ಕಸ ಎತ್ತಬೇಕು, ಅವರ ಚರಂಡಿ ತೆಗೆಯಬೇಕು, ಬೀದಿ ದೀಪ ಹಾಕಬೇಕು. ಸಾಲದ್ದಕ್ಕೆ 15ನೇ ಆಯೋಗದ ಆ ದುಡ್ಡಿನಲ್ಲಿ ನೂರಕ್ಕೆ 60 ಪಾಲು ನೀರು ಮತ್ತು ನೈರ್ಮಲ್ಯಕ್ಕೇ ಕಟ್ಟಾಗಿತ್ತು. ಉಳಿದ 40ರಲ್ಲಿ ಬೇರೆ ಎಲ್ಲ. ಹೊಸ ಜನಗಣತಿಯ ಅಂಕಿ ಬಂದರೆ ಅದು ಮುಂದಿನ ಹತ್ತು ವರ್ಷವಾದರೂ ಓಡುತ್ತದೆ, ಹೋದ ಸಲದ್ದು ಹದಿನೈದು ದಾಟಿ ಓಡುತ್ತಿದೆ. ಈ ಸಲ ತಪ್ಪಿದರೆ ಮುಂದಿನ ಮಾತು ಇನ್ನು ಯಾವಾಗಲೋ!

ವಿದ್ಯಾರ್ಥಿಯನ್ನು ಎಲ್ಲಿ ಎಣಿಸಬೇಕು ಅನ್ನುವುದರಲ್ಲಿ ಗೊಂದಲ ಇಲ್ಲ. ಅವನು ಎಲ್ಲಿ ವಾಸ ಇದ್ದಾನೋ ಅಲ್ಲಿ. ಹಾಸ್ಟೆಲ್ಲನ್ನು ಸಾಂಸ್ಥಿಕ ಕುಟುಂಬ ಅಂತ ಬೇರೆಯಾಗಿಯೇ ಬರೆದುಕೊಳ್ಳುತ್ತಾರೆ. ಕಾಗದದ ಮೇಲೆ ಎಲ್ಲ ಸರಿ. ನಡೆಯುವುದು ಬೇರೆ. ಗಣತಿ ಮಾಡುವ ಮೇಷ್ಟ್ರು ಕುಷ್ಟಗಿಯ ಒಂದು ಮನೆ ಬಾಗಿಲಿಗೆ ಹೋಗಿ ‘ಅವ್ವಾ, ಮನ್ಯಾಗ ಎಷ್ಟು ಮಂದಿ?’ ಅಂತ ಕೇಳಿದರೆ ಯಾವ ತಾಯಿ ತಾನೇ ಮಗನನ್ನು ಬಿಟ್ಟು ಲೆಕ್ಕ ಹೇಳುತ್ತಾಳೆ? ಅವನು ತಿಂಗಳಿಗೊಮ್ಮೆ ಊರಿಗೆ ಬಂದರೂ ಅವಳ ಲೆಕ್ಕದಲ್ಲಿ ಮನೆಯಲ್ಲೇ ಇದ್ದಾನೆ. ಈ ಕಡೆ ಹಾಸ್ಟೆಲ್‌ನಲ್ಲಿ ವಾರ್ಡನ್ ರಿಜಿಸ್ಟರ್ ಕೊಟ್ಟರೆ ಹೆಸರು ಎರಡು ಕಡೆ, ಕೊಡದಿದ್ದರೆ ಇಲ್ಲಿ ಇಲ್ಲವೇ ಇಲ್ಲ. ಬಾಡಿಗೆ ಖೋಲಿಯವರ ಪಾಡು ಇನ್ನೂ ಕಷ್ಟ. ನಾಲ್ಕು ಹುಡುಗರು ಬೆಳಗ್ಗೆ ಬಾಗಿಲು ಹಾಕಿ ಕಾಲೇಜಿಗೆ ಹೋಗಿರುತ್ತಾರೆ. ಗಣತಿದಾರರು ಬೀಗ ನೋಡಿ ವಾಪಸು ಹೋಗುತ್ತಾರೆ. ಕೆಲವು ಕಡೆ ಮನೆ ಮಾಲೀಕರಿಗೂ ಬಾಡಿಗೆಯವರು ಇದ್ದಾರೆ ಅಂತ ಹೇಳೋಕೆ ಮನಸ್ಸಿರುವುದಿಲ್ಲ, ತೆರಿಗೆ ಜಾಸ್ತಿ ಆದೀತು ಅಂತ. ಜನಗಣತಿಗೆ ಕೊಟ್ಟ ಮಾಹಿತಿಯನ್ನು ತೆರಿಗೆಗೆ ಬಳಸುವ ಹಾಗಿಲ್ಲ, 1948ರ ಜನಗಣತಿ ಕಾಯ್ದೆಯಲ್ಲೇ ಅದು ಗುಟ್ಟಾಗಿ ಇರಬೇಕು ಅಂತ ಇದೆ. ಇದನ್ನು ಡಂಗುರ ಸಾರಿ ಹೇಳಿದರೂ ತಪ್ಪಿಲ್ಲ.

ಹಾಗಾಗಿ ಡಿಸಿ ಸಾಹೇಬರೇ, ಜಿಲ್ಲೆಯ ಜನಗಣತಿಯ ಹೊಣೆ ನಿಮ್ಮ ಮೇಲೇ ಇರುತ್ತದೆ. ಫೆಬ್ರವರಿಗೆ ಮುಂಚೆಯೇ ಕಾಲೇಜು, ವಿವಿ, ಹಾಸ್ಟೆಲ್ ವಾರ್ಡನ್‌ಗಳು, ಖೋಲಿ ಬಾಡಿಗೆಗೆ ಕೊಟ್ಟಿರುವವರು ಎಲ್ಲರನ್ನೂ ಒಂದು ಕಡೆ ಕೂರಿಸಿ. ಗಣತಿದಾರರು ಸಂಜೆ ಹೊತ್ತಿಗೆ ಹೋಗಲಿ. ಈ ಸಲ ಮೊಬೈಲ್‌ನಲ್ಲಿ ತಾವೇ ತುಂಬುವ ಅವಕಾಶ ಇದೆ, ಎಂಜಿನಿಯರಿಂಗ್ ಓದುವ ಮಕ್ಕಳಿಗೆ ಅದೇನು ದೊಡ್ಡದಲ್ಲ. ಊರಲ್ಲಿ ಅವ್ವನಿಗೂ ಒಂದು ಮಾತು ಹೇಳಿಟ್ಟರೆ ಸಾಕು.

ನೀರಿನ ವಿಷಯದಲ್ಲಿ ಈ ಲೆಕ್ಕ ಎಷ್ಟು ಮುಖ್ಯ ಅಂತ ನೋಡಿ. ಜಲಜೀವನ ಮಿಷನ್‌ನಲ್ಲಿ ಹಳ್ಳಿಯ ಒಬ್ಬರಿಗೆ ದಿನಕ್ಕೆ 55 ಲೀಟರ್ ಅಂತ ಲೆಕ್ಕ. ಒಳಚರಂಡಿ ಇರುವ ಪಟ್ಟಣದಲ್ಲಿ ಅದೇ ಒಬ್ಬರಿಗೆ 135. ಹಾಸ್ಟೆಲ್‌ಗೂ 135 ಹಿಡಿಯುವುದು ರೂಢಿ. ಒಂದೇ ಹುಡುಗಿ, ಕೊಪ್ಪಳದಲ್ಲಿ ಖೋಲಿ ಮಾಡಿದರೆ ಪಟ್ಟಣದ ಲೆಕ್ಕ, ತಳಕಲ್‌ನಲ್ಲಿ ಮಾಡಿದರೆ ಹಳ್ಳಿಯ ಲೆಕ್ಕ, ಎಣಿಕೆಗೇ ಬರದಿದ್ದರೆ ಸೊನ್ನೆ. ಹಾಗಂತ ಅವಳು ನೀರು ಕುಡಿಯದೆ, ಬಟ್ಟೆ ಒಗೆಯದೆ ಇರುತ್ತಾಳಾ? ಪಕ್ಕದ ಮನೆಯ ಪಾಲಿನಿಂದ ಹೋಗುತ್ತದೆ, ಇಲ್ಲವೇ ಹೊಸ ಬೋರ್ ಕೊರೆಸುತ್ತಾರೆ. ಬೋರ್ ಕೊರೆದರೂ ಸಿಗುವುದು ಎಂಥ ನೀರು? ಯಲಬುರ್ಗಾ, ಕುಷ್ಟಗಿ ಭಾಗದ ಅಂತರ್ಜಲದಲ್ಲಿ ಫ್ಲೋರೈಡ್ ಇರುವುದು ಹೊಸ ಸುದ್ದಿ ಅಲ್ಲ. ಲೀಟರಿಗೆ 1.5 ಮಿಲಿಗ್ರಾಂ ದಾಟಿದರೆ ಕುಡಿಯಬಾರದು. ಹಲ್ಲು ಕಂದು ಬಣ್ಣಕ್ಕೆ ತಿರುಗಿದ ಮಕ್ಕಳು, ಮೊಣಕಾಲು ಹಿಡಿದುಕೊಂಡ ಹಿರಿಯರು ನಮ್ಮ ಭಾಗದಲ್ಲಿ ಎಷ್ಟು ಜನ ಇಲ್ಲ ಹೇಳಿ. ಅದಕ್ಕೇ ಅಲ್ಲವೇ ಕೃಷ್ಣಾ ನದಿ ನೀರನ್ನು ನಾರಾಯಣಪುರದ ಹಿನ್ನೀರಿನಿಂದ ಇಷ್ಟು ದೂರ ತರುವ ಬಹುಗ್ರಾಮ ಯೋಜನೆ ಮಾಡಿದ್ದು. ಆ ಯೋಜನೆಯ ಪೈಪಿನ ಅಗಲ, ಟ್ಯಾಂಕಿನ ಅಳತೆ ಎಲ್ಲವೂ ಜನಸಂಖ್ಯೆಯ ಅಂದಾಜಿನ ಮೇಲೆ ನಿಂತಿರುತ್ತದೆ. ಕಾಲೇಜಿನ ಜನ ಆ ಅಂದಾಜಿನಲ್ಲಿ ಇದ್ದಾರಾ ಇಲ್ಲವಾ ಅಂತ ಒಮ್ಮೆ ನೋಡಿ ಬಹಿರಂಗವಾಗಿ ಹೇಳಿದರೆ ಒಳ್ಳೆಯದು.

ತುಂಗಭದ್ರೆ ಇಲ್ಲೇ ಪಕ್ಕದಲ್ಲಿದೆಯಲ್ಲ ಅಂತ ಬೆಂಗಳೂರಿನವರು ಕೇಳುತ್ತಾರೆ. ಮುನಿರಾಬಾದ್‌ನಲ್ಲಿ ಡ್ಯಾಂ ಇದೆ ನಿಜ. ಎಡದಂಡೆ ಕಾಲುವೆ ಗಂಗಾವತಿ, ಕಾರಟಗಿ ಕಡೆ ಇಳಿದು ರಾಯಚೂರಿಗೆ ಹೋಗುತ್ತದೆ. ನಾವು ಮೇಲಿನ ದಿಣ್ಣೆಯವರು, ನಮಗೆ ಆ ನೀರು ಹತ್ತುವುದಿಲ್ಲ. ಅಲ್ಲಿ ಭತ್ತ, ಇಲ್ಲಿ ಜೋಳ ಕಡಲೆ. ಒಂದೇ ಜಿಲ್ಲೆಯೊಳಗೆ ಎರಡು ಸೀಮೆ.

ಇನ್ನು ಮಣ್ಣು. ಇದರ ಬಗ್ಗೆ ಸ್ವಲ್ಪ ಜಾಸ್ತಿ ಬರೆಯುತ್ತೇನೆ, ಯಾಕೆಂದರೆ ಪ್ಲಾಟ್ ಮಾರುವವರು ಇದನ್ನು ಹೇಳುವುದಿಲ್ಲ. ಎರೆ ಭೂಮಿ ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕೈ ಹೋಗುವಷ್ಟು ಬಿರಿಯುತ್ತದೆ. ಹಿಂಗಾರಿ ಜೋಳಕ್ಕೆ, ಕಡಲೆಗೆ ಇದಕ್ಕಿಂತ ಒಳ್ಳೆಯ ಮಣ್ಣಿಲ್ಲ, ಒಂದು ಹದ ಮಳೆ ಆದರೆ ತೇವ ಹಿಡಿದಿಟ್ಟುಕೊಂಡು ಬೆಳೆ ದಡ ಮುಟ್ಟಿಸುತ್ತದೆ. ಮನೆಗೆ, ರಸ್ತೆಗೆ ಮಾತ್ರ ಇದು ಸಲ್ಲ. ಅಡಿಪಾಯ ಆಳಕ್ಕೆ ಹೋಗಬೇಕು, ಕೆಳಗಿನ ಎರೆ ತೆಗೆದು ಮರಂ (ಗರಸು ಮಣ್ಣು) ತುಂಬಬೇಕು, ಖರ್ಚು ಜಾಸ್ತಿ. ಖರ್ಚು ಉಳಿಸಿ ಕಟ್ಟಿದ ಮನೆಯ ಗೋಡೆ ಮೂರನೇ ಮಳೆಗಾಲಕ್ಕೆ ಓರೆಯಾಗಿ ಸೀಳು ಬಿಡುತ್ತದೆ. ನೀರು ಬೇಗ ಇಂಗುವುದಿಲ್ಲ. ಚರಂಡಿ ಇಲ್ಲದ ಲೇಔಟ್‌ನಲ್ಲಿ ಬಚ್ಚಲ ನೀರು ಮನೆ ಮುಂದೆಯೇ ನಿಲ್ಲುತ್ತದೆ, ಸೊಳ್ಳೆ, ಆಮೇಲೆ ಡೆಂಗಿ. ಮಸಾರಿ (ಕೆಂಪು ಮಣ್ಣಿನ) ನೆಲದಲ್ಲಿ ಹತ್ತು ವರ್ಷ ಬಾಳುವ ರಸ್ತೆ ಎರೆಯಲ್ಲಿ ಅಷ್ಟು ಬಾಳುವುದಿಲ್ಲ. ಇದು ರೈತರ ಮನೆಯ ಸಣ್ಣ ಮಕ್ಕಳಿಗೂ ಗೊತ್ತು. ಆದರೂ ಕಾಲೇಜು ಬಂದಲ್ಲೆಲ್ಲ ಏನಾಗುತ್ತದೆ? ಹೊಲದ ಬದುವಿನ ಮೇಲೆ ಬಣ್ಣದ ಕಲ್ಲು ನೆಟ್ಟು ‘ಕಾಲೇಜಿಗೆ ಎರಡೇ ನಿಮಿಷ’ ಅಂತ ಬೋರ್ಡ್ ಬರುತ್ತದೆ. ಎನ್.ಎ. (ಹೊಲವನ್ನು ಕೃಷಿಯೇತರ ಬಳಕೆಗೆ ಬದಲಿಸುವ ಅನುಮತಿ) ಆಗಿದೆಯಾ ಅಂದರೆ ‘ಪ್ರೋಸೆಸ್‌ನಲ್ಲಿದೆ’. ಖಾತೆ ಯಾವುದು ಅಂದರೆ 11ಬಿ, ಪೂರ್ತಿ ಸಕ್ರಮ ಅಲ್ಲದ ಆಸ್ತಿಗೆ ಕೊಡುವ ನಮೂನೆ. ಕೂಡಿಟ್ಟ ದುಡ್ಡು ಹಾಕಿ ಸೈಟು ತೆಗೆದುಕೊಂಡವರು ಆಮೇಲೆ ಬ್ಯಾಂಕ್ ಸಾಲಕ್ಕೆ ಹೋದಾಗ ತಿಳಿಯುತ್ತದೆ, ಸಕ್ರಮ ಆಸ್ತಿಯ ನಮೂನೆ 9 ಇರುವುದಕ್ಕೂ 11ಬಿ ಇರುವುದಕ್ಕೂ ಏನು ಅಂತರ ಅಂತ.

ಊರವರೇ, ನಿಮಗೂ ಒಂದು ಮಾತು. ಹೊಲ ಮಾರಿದ ದುಡ್ಡಲ್ಲಿ ಬೊಲೆರೋ ತೆಗೆದುಕೊಂಡವರ ಮೇಲೆ ನನಗೇನೂ ಸಿಟ್ಟಿಲ್ಲ, ನಿಮ್ಮ ಆಸ್ತಿ, ನಿಮ್ಮ ಇಷ್ಟ. ಆದರೆ ಹಳ್ಳದ ದಾರಿ ಮುಚ್ಚಿ ಪ್ಲಾಟ್ ಮಾಡಬೇಡಿ. ಹಳ್ಳ ತನ್ನ ದಾರಿ ಮರೆಯುವುದಿಲ್ಲ, ಒಂದು ದೊಡ್ಡ ಮಳೆಗೆ ಬಂದು ಬಾಗಿಲು ತಟ್ಟುತ್ತದೆ.

ಇದನ್ನೆಲ್ಲ ತಡೆಯೋಕೆ ಕಾನೂನು ಇಲ್ಲವಾ? ಇದೆ. 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ ಇದೆ. ಅದರಡಿ ಒಂದು ಭಾಗವನ್ನು ಸ್ಥಳೀಯ ಯೋಜನಾ ಪ್ರದೇಶ ಅಂತ ಘೋಷಿಸಬಹುದು, ಅದಕ್ಕೆ ಆ ಊರು ಪಟ್ಟಣವೇ ಆಗಿರಬೇಕು ಅಂತೇನಿಲ್ಲ. ಎಲ್ಲಿ ರಸ್ತೆ, ಎಲ್ಲಿ ಮನೆ, ಎಲ್ಲಿ ಅಂಗಡಿ ಸಾಲು, ಯಾವ ಹಳ್ಳ ಮುಟ್ಟಬಾರದು ಅಂತ ಮೊದಲೇ ಗೆರೆ ಹಾಕಿಡಬಹುದು. ತಳಕಲ್, ಭಾನಾಪುರ, ಬನ್ನಿಕೊಪ್ಪ ಮತ್ತು ಕುಕನೂರು ಪಟ್ಟಣ ಸೇರಿಸಿ ಒಂದೇ ನಕ್ಷೆ ಮಾಡಿಸಿದರೆ ಸಾಕು. ಮಾಡಿದ ಮೇಲೆ ಅದನ್ನು ಪಂಚಾಯತಿ ಗೋಡೆಗೆ ಅಂಟಿಸಿ. ಕಚೇರಿ ಕಪಾಟಿನಲ್ಲಿ ಇಟ್ಟ ನಕ್ಷೆ ಬ್ರೋಕರ್‌ಗಳಿಗೆ ಮಾತ್ರ ಕಾಣುತ್ತದೆ.

‘ಹಾಗಾದರೆ ಪಟ್ಟಣ ಪಂಚಾಯತಿನೇ ಮಾಡಿಬಿಡಿ’ ಅಂತ ಕೆಲವರು ಹೇಳುತ್ತಾರೆ. ಕೊಪ್ಪಳಕ್ಕೆ ಅಂಟಿಕೊಂಡ ಭಾಗ್ಯನಗರ ಆಗಲಿಲ್ಲವಾ, ತಾವರಗೇರಾ ಆಗಲಿಲ್ಲವಾ, ಕುಕನೂರು ಆಗಲಿಲ್ಲವಾ ಅಂತ. ನನಗೆ ಈ ಮಾತು ಅಷ್ಟು ಸರಿ ಕಾಣುವುದಿಲ್ಲ. ಪುರಸಭೆಗಳ ಕಾಯ್ದೆ ಪ್ರಕಾರ ಪಟ್ಟಣ ಪಂಚಾಯತಿಗೆ 10 ಸಾವಿರದಿಂದ 20 ಸಾವಿರ ಜನ, ಚದರ ಕಿಲೋಮೀಟರಿಗೆ 400ರಷ್ಟಾದರೂ ಸಾಂದ್ರತೆ, ದುಡಿಯುವವರಲ್ಲಿ ಅರ್ಧದಷ್ಟಾದರೂ ಹೊಲದ ಕೆಲಸ ಬಿಟ್ಟು ಬೇರೆ ಕೆಲಸದವರು ಇರಬೇಕು. ತಳಕಲ್ ಒಂದೇ ಅಷ್ಟು ದೊಡ್ಡದಲ್ಲ. ಎಳೆದು ಜಗ್ಗಿ ಮಾಡಿದರು ಅನ್ನಿ, ಉದ್ಯೋಗ ಖಾತ್ರಿ ಕೆಲಸ ಹೋಗುತ್ತದೆ. ಅದು ಗ್ರಾಮ ಪಂಚಾಯತಿ ವ್ಯಾಪ್ತಿಗೆ ಮಾತ್ರ. ಬೇಸಿಗೆಯಲ್ಲಿ ಬದು ಹಾಕಿ, ಕೆರೆ ಹೂಳೆತ್ತಿ ನಾಲ್ಕು ಕಾಸು ನೋಡುವ ಮನೆಗಳು ಏನು ಮಾಡಬೇಕು? ಕಾಲೇಜು ಬಂದಿದ್ದಕ್ಕೆ ಅವರ ಕೂಲಿ ಹೋಗಬೇಕಾ? ಹೋಗಲಿ, ಈಗ ಬೇಕು ಅಂದರೂ ಆಗುವುದಿಲ್ಲ. ಜನಗಣತಿಗಾಗಿ 2026ರ ಜನವರಿಯಿಂದ ಊರು, ತಾಲ್ಲೂಕು, ಪಟ್ಟಣಗಳ ಗಡಿಯನ್ನೆಲ್ಲ ಇದ್ದ ಹಾಗೇ ನಿಲ್ಲಿಸಿದ್ದಾರೆ, ಎಣಿಕೆ ಮುಗಿಯುವ ತನಕ ಬದಲಾಯಿಸುವ ಹಾಗಿಲ್ಲ. ಹಾಗಾಗಿ ಈ ಸಮಯವನ್ನು ಎಣಿಸುವುದಕ್ಕೆ, ನಕ್ಷೆ ಮಾಡುವುದಕ್ಕೆ ಬಳಸಿ. ಹಳ್ಳಿಯಾಗೇ ಉಳಿಯಬೇಕಾ, ಪಟ್ಟಣ ಆಗಬೇಕಾ ಅನ್ನುವುದನ್ನು ಅಂಕಿ ಕೈಗೆ ಬಂದ ಮೇಲೆ ಗ್ರಾಮ ಸಭೆಯಲ್ಲಿ ಕೂತು ಮಾತಾಡೋಣ.

ಗ್ರಾಮ ಸಭೆ ಅಂದೆ. ಅಲ್ಲೂ ಒಂದು ತಮಾಷೆ ಇದೆ ನೋಡಿ. ಕಾನೂನು ಪ್ರಕಾರ ಆರು ತಿಂಗಳಿಗೊಮ್ಮೆಯಾದರೂ ಗ್ರಾಮ ಸಭೆ ನಡೆಯಬೇಕು. ಅದರ ಸದಸ್ಯರು ಯಾರು? ಆ ಊರಿನ ಮತದಾರರ ಪಟ್ಟಿಯಲ್ಲಿ ಹೆಸರಿರುವವರು. 18 ತುಂಬದ ಮಕ್ಕಳಿಗೂ ನಮ್ಮ ರಾಜ್ಯದಲ್ಲಿ ಮಕ್ಕಳ ಗ್ರಾಮ ಸಭೆ ಇದೆ, ಒಳ್ಳೆಯ ಕೆಲಸ, ಶೌಚಾಲಯ ಇಲ್ಲ ಅಂತ ಏಳನೇ ಕ್ಲಾಸಿನ ಹುಡುಗಿ ಎದ್ದು ನಿಂತು ಕೇಳಬಹುದು. ಅದೇ ಹುಡುಗಿ ಬೆಳೆದು 19ಕ್ಕೆ ಬೇರೆ ಊರಿಗೆ ಎಂಜಿನಿಯರಿಂಗ್ ಓದೋಕೆ ಹೋದರೆ, ಬಸ್ ಸ್ಟಾಪಿನಲ್ಲಿ ದೀಪ ಇಲ್ಲ ಅಂತ ಕೇಳೋಕೆ ಅವಳಿಗೆ ಯಾವ ಸಭೆಯೂ ಇಲ್ಲ!

ಇದಕ್ಕೂ ದಾರಿ ಇದೆ, ಬಹಳ ಜನಕ್ಕೆ ಗೊತ್ತಿಲ್ಲ. ಹಾಸ್ಟೆಲ್‌ನಲ್ಲೋ ಬೇರೆ ಕಡೆಯೋ ಇದ್ದು ಓದುವ ವಿದ್ಯಾರ್ಥಿ ತನ್ನ ಊರಲ್ಲಿ ಬೇಕಾದರೂ, ಓದುವ ಜಾಗದಲ್ಲಿ ಬೇಕಾದರೂ ಮತದಾರ ಆಗಬಹುದು, ಎರಡರಲ್ಲಿ ಒಂದು ಕಡೆ ಮಾತ್ರ. ಕೋರ್ಸ್ ಮಾನ್ಯತೆ ಇದ್ದದ್ದಾಗಿರಬೇಕು, ಒಂದು ವರ್ಷಕ್ಕೆ ಕಡಿಮೆ ಇರಬಾರದು, ನಮೂನೆ 6ರ ಜೊತೆ ಕಾಲೇಜಿನವರ ದೃಢೀಕರಣ ಕೊಡಬೇಕು. ಈಗ ವರ್ಷಕ್ಕೆ ನಾಲ್ಕು ಸಲ 18 ತುಂಬಿದ ಲೆಕ್ಕ ಹಿಡಿಯುತ್ತಾರೆ, ಜನವರಿಗೇ ಕಾಯಬೇಕಿಲ್ಲ. ವಿಧಾನಸಭೆ ಪಟ್ಟಿಯನ್ನು ಹಿಡಿದೇ ಪಂಚಾಯತಿ ಪಟ್ಟಿ ತಯಾರಾಗುತ್ತದೆ.

ಇಲ್ಲಿ ಊರವರ ಹೊಟ್ಟೆಯಲ್ಲಿ ಒಂದು ಹೆದರಿಕೆ ಇದೆ, ಅದು ನನಗೂ ಅರ್ಥವಾಗುತ್ತದೆ. 400 ಜನಕ್ಕೆ ಒಂದು ಸೀಟು ಅಂದಮೇಲೆ ಒಂದು ದೊಡ್ಡ ಹಾಸ್ಟೆಲ್ ಇಡೀ ಸೀಟನ್ನೇ ಅಲುಗಾಡಿಸಬಹುದು. ಎಂಜಿನಿಯರಿಂಗ್ ಮುಗಿಯುವುದು 4 ವರ್ಷಕ್ಕೆ, ಪಂಚಾಯತಿ ಅವಧಿ 5 ವರ್ಷ, ಓಟು ಹಾಕಿ ಹೋದವನು ಆಮೇಲೆ ಬಂದು ಅನುಭವಿಸುತ್ತಾನಾ? ಸರಿಯಾದ ಪ್ರಶ್ನೆ. ಎಲ್ಲ ವಿದ್ಯಾರ್ಥಿಗಳೂ ಇಲ್ಲೇ ಹೆಸರು ಸೇರಿಸಲಿ ಅಂತ ನಾನೂ ಹೇಳಲಾರೆ. ಬಹಳ ಮಕ್ಕಳಿಗೆ ತಮ್ಮೂರಿನ ಓಟೇ ಮುಖ್ಯ, ಅಲ್ಲಿ ದೊಡ್ಡಪ್ಪನೋ ಸೋದರಮಾವನೋ ನಿಂತಿರುತ್ತಾರೆ. ಓಟು ಊರಲ್ಲೇ ಇರಲಿ, ಮಾತಾಡೋಕೆ ಮಾತ್ರ ಇಲ್ಲಿ ಜಾಗ ಕೊಡಿ. ವರ್ಷಕ್ಕೊಂದು ಗ್ರಾಮ ಸಭೆಯನ್ನು ಕಾಲೇಜಿನ ಸಭಾಂಗಣದಲ್ಲಿ ಇಟ್ಟು, ವಿದ್ಯಾರ್ಥಿಗಳನ್ನು ಕರೆದು, ಅವರ ಮಾತನ್ನೂ ನಡಾವಳಿ ಪುಸ್ತಕದಲ್ಲಿ ಬರೆಯಿರಿ. ಇದಕ್ಕೆ ಹೊಸ ಕಾನೂನೇ ಬೇಕಿಲ್ಲ. ಪಿಡಿಒ ಅವರದೊಂದು ನೋಟಿಸು, ಪ್ರಿನ್ಸಿಪಾಲರ ಒಪ್ಪಿಗೆ ಸಾಕು.

ಮೇಲಿನ ಹಂತದ್ದನ್ನು ಹೇಳದೇ ಬಿಟ್ಟರೆ ಎಲ್ಲ ತಪ್ಪನ್ನೂ ಗ್ರಾಮ ಪಂಚಾಯತಿ ತಲೆಗೆ ಕಟ್ಟಿದ ಹಾಗಾಗುತ್ತದೆ. ತಾಲ್ಲೂಕು ಪಂಚಾಯತಿ, ಜಿಲ್ಲಾ ಪಂಚಾಯತಿಗೆ ಚುನಾವಣೆ ನಡೆದದ್ದು 2016ರಲ್ಲಿ. 2021ಕ್ಕೆ ಅವಧಿ ಮುಗಿಯಿತು. ಅಲ್ಲಿಂದ ವರ್ಷಗಟ್ಟಲೆ ಚುನಾವಣೆಯೇ ಇಲ್ಲ. ಕ್ಷೇತ್ರ ವಿಂಗಡಣೆ, ಮೀಸಲಾತಿ ಪಟ್ಟಿ, ಕೋರ್ಟು ಅಂತ ಮುಂದಕ್ಕೆ ಹೋಗುತ್ತಲೇ ಇತ್ತು. 2020ರ ಡಿಸೆಂಬರ್‌ನಲ್ಲಿ ಆರಿಸಿದ ಗ್ರಾಮ ಪಂಚಾಯತಿಗಳ 5 ವರ್ಷವೂ ತೀರಿದೆ. ಈಗ ಯೋಚಿಸಿ, ಒಂದು ಕಾಲೇಜಿನ ಸುತ್ತ ಐದಾರು ಹಳ್ಳಿ, ಎರಡು ಮೂರು ಪಂಚಾಯತಿ, ಒಂದು ಪಟ್ಟಣ ಇದ್ದಾಗ ಎಲ್ಲವನ್ನೂ ಸೇರಿಸಿ ಯೋಚನೆ ಮಾಡಬೇಕಾದವರು ಯಾರು? ಸಂವಿಧಾನದ 243ಝಡ್‌ಡಿ ವಿಧಿಯ ಪ್ರಕಾರ ಜಿಲ್ಲಾ ಯೋಜನಾ ಸಮಿತಿ. ಅದರಲ್ಲಿ ಐದರಲ್ಲಿ ನಾಲ್ಕು ಪಾಲು ಸದಸ್ಯರು ಜಿಲ್ಲಾ ಪಂಚಾಯತಿ ಮತ್ತು ಪಟ್ಟಣಗಳ ಚುನಾಯಿತ ಸದಸ್ಯರೊಳಗಿಂದಲೇ ಬರಬೇಕು. ಜಿಲ್ಲಾ ಪಂಚಾಯತಿಗೆ ಸದಸ್ಯರೇ ಇಲ್ಲದಿದ್ದರೆ ಹಳ್ಳಿಗಳ ಪರವಾಗಿ ಆ ಸಮಿತಿಯಲ್ಲಿ ಕೂರುವವರು ಯಾರು? ಹಣಕಾಸು ಆಯೋಗದ ಅನುದಾನಕ್ಕೂ ಚುನಾಯಿತ ಸಂಸ್ಥೆ ಇರಲೇಬೇಕು ಅನ್ನುವ ಷರತ್ತಿದೆ. ಇದನ್ನು ಡಿಸಿ ಸಾಹೇಬರು ಸರಿ ಮಾಡೋಕೆ ಆಗಲ್ಲ, ಗೊತ್ತು. ಇದು ಬೆಂಗಳೂರಿನ ಕೆಲಸ. ಎಲ್ಲ ಪಕ್ಷದವರೂ ಇದರಲ್ಲಿ ಸೇರಿದ್ದಾರೆ, ಯಾರು ಅಧಿಕಾರದಲ್ಲಿದ್ದರೂ ಮುಂದೂಡಿದವರೇ.

ವಿವಿ ಉಳಿಯುತ್ತದೋ ಇಲ್ಲವೋ ಅನ್ನುವ ಮಾತೂ ನಡುವೆ ಬಂತು. 2025ರ ಆರಂಭದಲ್ಲಿ ಸಂಪುಟ ಉಪಸಮಿತಿ ಹೊಸ ವಿಶ್ವವಿದ್ಯಾಲಯಗಳನ್ನು ಮುಚ್ಚುವ ಬಗ್ಗೆ ಮಾತಾಡಿದಾಗ ಕೊಪ್ಪಳದ ಹೆಸರೂ ಓಡಾಡಿತು. ಮುಚ್ಚಬೇಡಿ ಅಂತ ನಮ್ಮ ಕಡೆಯವರು ಹೇಳಿದ್ದು ಸರಿಯೇ. ಆದರೆ ಉಳಿಸಿ ಅಂತ ಕೂಗುವವರು ಅದರ ಸುತ್ತಿನ ಊರನ್ನೂ ನೋಡಬೇಕಲ್ಲ? ರಾತ್ರಿ ಗಾಡಿ ಇಳಿದ ಹುಡುಗಿ ಹಾಸ್ಟೆಲ್ ಮುಟ್ಟೋಕೆ ಟಂಟಂ ಸಿಗದಿದ್ದರೆ, ಮೆಸ್ಸಿನ ನೀರು ಕುಡಿದು ಹೊಟ್ಟೆ ಕೆಟ್ಟರೆ, ಅವರಪ್ಪ ಮುಂದಿನ ವರ್ಷ ತಂಗಿಯನ್ನು ಧಾರವಾಡಕ್ಕೆ ಕಳಿಸುತ್ತಾನೆ. ಆಗ ಸೀಟು ಖಾಲಿ. ವಿದ್ಯಾರ್ಥಿಗಳೇ ಇಲ್ಲ, ಮುಚ್ಚೋಣ ಅನ್ನೋಕೆ ಸರ್ಕಾರಕ್ಕೆ ಅಷ್ಟೇ ಸಾಕು.

ಇದೇ ತಾಲ್ಲೂಕಿನ ಇಟಗಿಯಲ್ಲಿ 1112ರಲ್ಲಿ ಕಟ್ಟಿದ ಮಹಾದೇವ ದೇವಾಲಯ ಇದೆ. ನೋಡೋಕೆ ಎಲ್ಲಿಂದಲೋ ಬರುತ್ತಾರೆ. ಹುಡುಗರು ಭಾನುವಾರ ಹೋಗಿ ಬನ್ನಿ, ಬಸ್ಸು ಸಿಕ್ಕರೆ.

ಕೊನೆಗೆ ಕೆಲಸದ ಮಾತು. ಪಂಚಾಯತಿಯ ಗ್ರಂಥಾಲಯಗಳನ್ನು ಈಗ ಅರಿವು ಕೇಂದ್ರ ಅನ್ನುತ್ತಾರಲ್ಲ, ಕಾಲೇಜಿನ ಸುತ್ತಿನ ಕೇಂದ್ರಗಳನ್ನು ಪರೀಕ್ಷೆ ತಿಂಗಳುಗಳಲ್ಲಿ ರಾತ್ರಿ ಒಂಬತ್ತರ ತನಕ ತೆರೆದಿಡಿ. ಖೋಲಿಯಲ್ಲಿ ನಾಲ್ಕು ಜನ ಇದ್ದು ಓದೋಕೆ ಆಗದವರಿಗೆ ಅನುಕೂಲ. ಗ್ರಾಮ ಸಭೆಯನ್ನು ಬೆಳಗ್ಗೆ ಹನ್ನೊಂದಕ್ಕೆ ಇಡಬೇಡಿ, ಆಗ ರೈತರು ಹೊಲದಲ್ಲಿ, ಮಕ್ಕಳು ಕ್ಲಾಸಿನಲ್ಲಿ ಇರುತ್ತಾರೆ. ಸಂಜೆ ಐದರ ಮೇಲೆ ಇಡಿ. ಜೆಸ್ಕಾಂ, ಸಾರಿಗೆ, ನೀರು ಸರಬರಾಜು, ರೈಲ್ವೆ, ಹೆದ್ದಾರಿ, ಕಾಲೇಜು, ವಿವಿ, ಎಲ್ಲ ಕಡೆಯಿಂದ ಒಬ್ಬೊಬ್ಬರು ಬಂದು ಒಂದೇ ಟೇಬಲ್ಲಿಗೆ ಕೂರಲಿ. ಗಡಿಯಾಚೆ ಗದಗಿನ ಕಡೆಯ ಸಾರಿಗೆಯವರನ್ನೂ ಕರೆಯಿರಿ. ‘ಅದು ನಮಗೆ ಬರಲ್ಲ’ ಅಂತ ಹೇಳುವವರು ಯಾರಿಗೆ ಬರುತ್ತದೆ ಅಂತ ಅಲ್ಲೇ ಬರೆದು ಸಹಿ ಹಾಕಿ ಹೋಗಲಿ. ದಿನಾಂಕ ಹದಿನೈದು ದಿನ ಮೊದಲೇ ತಿಳಿಸಿ, ಕುರ್ಚಿ ಹಾಕೋಕೆ, ಜನ ಸೇರಿಸೋಕೆ ನಾವು ನಾಲ್ಕು ಜನ ಬರುತ್ತೇವೆ.

ಇಂತಿ,
ಕುಕನೂರು ತಾಲ್ಲೂಕಿನ ಒಬ್ಬ ನಿವಾಸಿ